ಹೊಸದುರ್ಗದ ಬಸ್ಸೂ ನನ್ನ ಕರುಳೂ

ಮೊದಲ ಸಲ ರಕ್ತ ಕಂಡದ್ದು ಹೊಳಲ್ಕೆರೆ ಬಸ್ ನಿಲ್ದಾಣದ ಶೌಚಾಲಯದಲ್ಲಿ. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದರು. ಬ್ಯಾಗು ಹೆಗಲಿಗೇರಿಸಿಕೊಂಡು ಓಡಿ ಬಂದೆ. ಏನೂ ಆಗದವಳಂತೆ ಟಿಕೆಟ್ ಕೊಡತೊಡಗಿದೆ.

ನಾನು ಹೊಸದುರ್ಗ–ಚಿತ್ರದುರ್ಗ ಬಸ್ಸಿನ ಕಂಡಕ್ಟರ್. ನಮ್ಮ ಮನೆತನದಲ್ಲಿ ಖಾಕಿ ತೊಟ್ಟ ಮೊದಲ ಹೆಂಗಸು. ಈ ಮಾತನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಉಷ್ಣವಿರಬೇಕು ಎಂದು ಮಜ್ಜಿಗೆ ಕುಡಿದೆ, ಕಾಮಕಸ್ತೂರಿ ಬೀಜ ನೆನೆಸಿ ಕುಡಿದೆ. ಆಮೇಲೆ ಮೂಲವ್ಯಾಧಿಯೇ ಇರಬೇಕೆಂದು, ಯಾರಿಗೂ ತೋರಿಸದೆ ಮೆಡಿಕಲ್ ಶಾಪಿನಿಂದ ಮುಲಾಮು ತಂದೆ. ರಕ್ತ ನಿಲ್ಲಲಿಲ್ಲ. ಹೊಟ್ಟೆ ಹಿಂಡಿದಂತಾಗಿ ದಿನಕ್ಕೆ ಹತ್ತಾರು ಸಲ ಓಡಬೇಕು. ಓಡುವ ಬಸ್ಸಿನಿಂದ ಎಲ್ಲಿಗೆ ಓಡುವುದು? ಕೊನೆಗೆ ಡ್ಯೂಟಿಯ ದಿನ ಹಗಲೂಟವನ್ನೇ ಬಿಟ್ಟೆ.

ನಮ್ಮ ಅತ್ತೆ ಅದನ್ನು ಒಪ್ಪತ್ತು ಎಂದುಕೊಂಡರು. "ನನ್ ಸೊಸೆಗೆ ಹಾಲುರಾಮೇಶ್ವರನ ಮ್ಯಾಲೆ ಎಷ್ಟು ಭಕ್ತಿ ಐತೆ ನೋಡ್ರಿ" ಎಂದು ಬೀದಿಗೆಲ್ಲ ಸಾರಿಕೊಂಡು ಬಂದರು. ರೋಗಿ ಎನಿಸಿಕೊಳ್ಳುವುದಕ್ಕಿಂತ ಭಕ್ತೆ ಎನಿಸಿಕೊಳ್ಳುವುದು ಸುಲಭವಾಗಿತ್ತು. ಖಾಕಿ ಅಂಗಿ ಮಾತ್ರ ಮೈಮೇಲೆ ಸಡಿಲವಾಗುತ್ತಾ ಹೋಯಿತು.

ಒಂದು ಮಧ್ಯಾಹ್ನ ಟಿಕೆಟ್ ಕೊಡುತ್ತಲೇ ಕುಸಿದುಬಿದ್ದೆ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ರಕ್ತ ಏರಿಸಿ, ಕರುಳಿಗೆ ಪೈಪ್ ಹಾಕಿ ನೋಡುವ ಕೊಲೊನೋಸ್ಕೋಪಿ ಮಾಡಿದರು.

"ಅಲ್ಸರೇಟಿವ್ ಕೊಲೈಟಿಸ್" ಎಂದರು ಡಾಕ್ಟರ್. "ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗಿದೆ. ಪೂರ್ತಿ ವಾಸಿ ಆಗಲ್ಲ, ಹತೋಟಿಯಲ್ಲಿ ಇಡಬಹುದು. ಹಿರಿಯೂರು, ಹೊಳಲ್ಕೆರೆ, ಎಲ್ಲ ಕಡೆಯಿಂದ್ಲೂ ಬರ್ತಾರಮ್ಮ. ಬಹಳ ಜನ ನಿಮ್ಮ ಹಾಗೇ, ಪೈಲ್ಸ್ ಅಂತ ಮುಚ್ಚಿಟ್ಟುಕೊಂಡು ತಡವಾಗಿ ಬರ್ತಾರೆ."

ಅತ್ತೆ ಪಕ್ಕದಲ್ಲೇ ನಿಂತಿದ್ದರು. ಒಪ್ಪತ್ತಿನ ಗುಟ್ಟು ಹೇಳಲೇಬೇಕಾಯಿತು. ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದೆ.

"ಆ ಒಪ್ಪತ್ತನ್ನ ನಾನ್ ಮಾಡ್ತೀನಿ ಬಿಡು" ಎಂದರು. "ನೀನ್ ಮೊದ್ಲು ಉಣ್ಣು."

ಅತ್ತುಬಿಟ್ಟೆ.

ಡಾಕ್ಟರ್ ಕೊಟ್ಟ ಸ್ಟೀರಾಯ್ಡ್ ಗುಳಿಗೆಯಿಂದ ಮುಖ ಊದಿಕೊಂಡಿತು, ಸಿಟ್ಟು ಮೂಗಿನ ತುದಿಗೇ ಬಂದು ಕೂತಿತು. ಕೆಲವು ತಿಂಗಳಲ್ಲಿ ರಕ್ತ ನಿಂತಿತು. ಡಿಪೋದ ಅಧಿಕಾರಿಗಳು ಅಲ್ಲೇ ಕೂತು ಮಾಡುವ ಕೆಲಸ ಕೊಡುತ್ತೇವೆಂದರು. ನನಗೆ ನನ್ನ ಬಸ್ಸೇ ಬೇಕಿತ್ತು. ಡಾಕ್ಟರನ್ನು ಕೇಳಿದೆ. ಹೋಗಬಹುದು, ಆದರೆ ಉಪವಾಸ ಮಾಡಬಾರದು, ಅವಸರವಾದಾಗ ತಡೆದುಕೊಳ್ಳಬಾರದು ಎಂದರು. ಅಂದರೆ ಇಷ್ಟು ದಿನ ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ಬಸ್ಸು ನನ್ನದು.

ಡ್ರೈವರ್ ತಿಪ್ಪೇಸ್ವಾಮಣ್ಣನಿಗೆ ಹೇಳುವಾಗ ಕಿವಿ ಬಿಸಿಯಾಯಿತು. ಅವರು ನಕ್ಕರು. "ಎಮ್ಮೆ ಅಡ್ಡ ಬಂದ್ರೂ ನಿಲ್ಲಿಸ್ತೀನಿ, ನಿನಗೆ ನಿಲ್ಲಿಸಲ್ವೇನಮ್ಮ?"

ಡ್ಯೂಟಿಗೆ ಮರಳಿದ ವಾರವೇ ಆ ಪ್ರಸಂಗ ಬಂತು. ಹೊಳಲ್ಕೆರೆ ದಾಟಿದ ಮೇಲೆ ಹೊಟ್ಟೆ ತಿರುಚಿತು. ಪೆಟ್ರೋಲ್ ಬಂಕ್ ಕಂಡದ್ದೇ ವಿಷಲ್ ಊದಿ ಇಳಿದೆ. ಮರಳಿ ಬಂದಾಗ ತುಂಬಿದ ಬಸ್ಸು ನನ್ನನ್ನೇ ನೋಡುತ್ತಿತ್ತು.

"ಏನ್ರಿ, ಕಂಡಕ್ಟರೇ ಇಳಿದು ಹೋದ್ರೆ ನಮ್ ಗತಿ ಏನು?" ಮುಂದಿನ ಸೀಟಿನ ನಡುವಯಸ್ಸಿನವರೊಬ್ಬರು ಕೇಳಿದರು. ಎಲ್ಲರೂ ನಕ್ಕರು.

ಫೋನ್ ಬಂದಿತ್ತು ಎನ್ನಬಹುದಿತ್ತು. ಅನ್ನಲಿಲ್ಲ. ಊರುಗಳ ಹೆಸರು ಕೂಗುವ ದನಿಯಲ್ಲೇ ಹೇಳಿದೆ: "ನಂಗೆ ದೊಡ್ಡ ಕರುಳಾಗೆ ಹುಣ್ಣು ಐತೆ. ಕಕ್ಕಸಿಗೆ ಹೋದ್ರೆ ರಕ್ತ ಹೋಗ್ತಿತ್ತು. ಪೈಲ್ಸ್ ಅನ್ಕಂಡು ಸಾಯಂಗೆ ಆಗಿದ್ದೆ. ಈಗ ಗುಳಿಗೆ ನುಂಗ್ತೀನಿ, ಹೊಟ್ಟೆ ತುಂಬ ಉಣ್ತೀನಿ, ಡ್ಯೂಟಿ ಮಾಡ್ತೀನಿ. ಟಿಕೆಟ್ ಯಾರ್‍ದು ಆಗಿಲ್ಲ?"

ನಗು ನಿಂತಿತು. ಅಂದಿನಷ್ಟು ನೆಟ್ಟಗೆ ನಾನು ಬಸ್ಸಿನಲ್ಲಿ ಯಾವತ್ತೂ ನಿಂತಿರಲಿಲ್ಲ.

ಚಿತ್ರದುರ್ಗದಲ್ಲಿ ಎಲ್ಲರೂ ಇಳಿದರು. ನನ್ನನ್ನು ನಗಾಡಿದ್ದ ಮುಂದಿನ ಸೀಟಿನ ಆ ನಡುವಯಸ್ಸಿನವರು ಮಾತ್ರ ಏಳಲಿಲ್ಲ.

"ನಂಗೂ ರಕ್ತ ಹೋಗ್ತೈತಮ್ಮ" ಎಂದರು ಮೆಲ್ಲಗೆ. "ಮನ್ಯಾಗೆ ಹೇಳಿಲ್ಲ. ನಿಮಗೆ ಗುಳಿಗೆ ಕೊಟ್ಟ ಡಾಕ್ಟ್ರು ಎಲ್ಲಿ ಸಿಗ್ತಾರೆ?"

ನನಗೆ ಊಟದ ಬಿಡುವಿತ್ತು. ಡಬ್ಬಿಯ ಮೊಸರನ್ನವನ್ನು ಅಲ್ಲೇ ಕೂತು ಉಂಡೆ. ಕೈ ತೊಳೆದು ಬಂದು "ಬರ್ರಿ, ಹೋಗಾಣ" ಎಂದೆ. ನನ್ನ ಕಾಯಿಲೆ ನಾಳೆ ಮತ್ತೆ ಕೆರಳಬಹುದು, ಅದು ನನಗೆ ಗೊತ್ತು. ಅವತ್ತು ಮಾತ್ರ ನನ್ನ ಕಾಲಲ್ಲೇ ನಡೆದು ಇನ್ನೊಬ್ಬರನ್ನು ಕರೆದುಕೊಂಡು ಹೋಗುತ್ತಿದ್ದೆ.

ಆಸ್ಪತ್ರೆಯ ಬಾಗಿಲಲ್ಲಿ ಅವರು ನಿಂತುಬಿಟ್ಟರು. "ಆ ಪೈಪ್ ಹಾಕಿ ನೋಡ್ತಾರಂತಲ್ಲ, ನೋವಾಗ್ತೈತಾ?"

"ಅಷ್ಟೇನಿಲ್ಲ" ಎಂದೆ. "ಮರ್ಯಾದೆ ಹೋಗ್ತೈತೆ ಅನ್ಸುತ್ತೆ. ಹೋಗಲ್ಲ."