ನಾಲ್ಕು ಬೆರಳು ಗಿಡ್ಡ ಬೆಲ್ಟು

ಟೈಲರಕ್ಕನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಒಬ್ಬ ಗಿರಾಕಿ ಒಳಗೆ ಬರಬೇಕಾದರೆ ಇನ್ನೊಬ್ಬ ಹೊರಗೆ ಹೋಗಬೇಕು, ಅಷ್ಟೇ ಅಗಲ. ಮೂವತ್ತೊಂದು ವರ್ಷ ಅಲ್ಲೇ ಕೂತು ಶಾಲೆಯ ಸಮವಸ್ತ್ರ, ಆಸ್ಪತ್ರೆಯವರ ಬಿಳಿ ಕೋಟು, ಕಿಟಕಿ ಪರದೆ, ದಿಂಬಿನ ಗವಸು ಹೊಲಿದಿದ್ದಳು. ಚೆನ್ನಾಗಿ ಹೊಲಿಯುತ್ತಿದ್ದಳೇ ಎಂದು ಯಾರಾದರೂ ಕೇಳಿದರೆ ಮೊದಲು ನಗುತ್ತಿದ್ದವಳು ಅವಳೇ.

"ಮೊದಲ ಸಲಕ್ಕೇ ಎರಡು ಕಾಲೂ ಸಮ ಬಂದಿದ್ರೆ ಅದು ಬೇರೆ ಯಾರೋ ಹೊಲಿದ ಪ್ಯಾಂಟು ಅಂತ ತಿಳ್ಕೊಳ್ಳಿ," ಅನ್ನುತ್ತಿದ್ದಳು.

ಆದರೂ ಗಿರಾಕಿಗಳು ಬರುತ್ತಿದ್ದರು. ಹೊಸದು ಹೊಲಿಯುವಾಗ ಅವಳ ಕೈ ಎಷ್ಟು ಎಡವುತ್ತಿತ್ತೋ, ಕೆಟ್ಟದ್ದನ್ನು ಸರಿಮಾಡುವಾಗ ಅಷ್ಟೇ ಪಳಗಿತ್ತು. ಪಳಗದೆ ಏನು, ದಿನಾ ತಾನು ಕೆಡಿಸಿದ್ದನ್ನು ತಾನೇ ಸರಿಮಾಡುತ್ತಿದ್ದಳಲ್ಲ!

ಅವಳ ತಮ್ಮ ಊರಾಚೆ ಇಪ್ಪತ್ತನಾಲ್ಕು ಹಸು ಸಾಕಿದ್ದ. ಮೇವಿನ ಹುಲ್ಲು ಅವನೇ ಬೆಳೆದು, ಕೊಯ್ದು, ಒಣಗಿಸಿ ಇಟ್ಟುಕೊಳ್ಳುತ್ತಿದ್ದ. ಒಂದು ದಿನ ಯಾರಿಗೂ ಹೇಳದೆ ಕೇಳದೆ ಹಳೇ ಬೇಲರ್ ಒಂದನ್ನು ಟ್ರ್ಯಾಕ್ಟರಿನ ಹಿಂದೆ ಎಳೆದುಕೊಂಡು ಬಂದ. ಒಣಹುಲ್ಲನ್ನು ನೆಲದಿಂದ ಬಾಚಿ ಎತ್ತಿ, ಹಾಸಿಗೆ ಸುತ್ತಿದ ಹಾಗೆ ಸುತ್ತಿ, ಹುರಿ ಬಿಗಿದು, ಎದೆಯೆತ್ತರದ ದುಂಡು ಸುರುಳಿ ಮಾಡಿ ಹಿಂಬಾಗಿಲಿನಿಂದ ಕೆಡವುವ ಮೆಷಿನು ಅದು. ಮಾರಿದವನು "ಒಂದೇ ಕೈ ಓಡಿಸಿದ್ದು" ಅಂದಿದ್ದನಂತೆ. ಆ ಕೈಗೆ ಎಷ್ಟು ವಯಸ್ಸಾಗಿತ್ತು ಎಂದು ತಮ್ಮ ಕೇಳಿರಲಿಲ್ಲ.

ಮೊದಲ ವರ್ಷ ಹೇಗೋ ನಡೆಯಿತು. ಎರಡನೇ ವರ್ಷ, ಹುಲ್ಲು ಕೊಯ್ದು ಹರಡಿ ಎರಡು ದಿನವಾಗಿದ್ದಾಗ, ಒಳಗೆ ಹುಲ್ಲನ್ನು ಸುತ್ತುವ ಆರು ಅಗಲದ ರಬ್ಬರ್ ಬೆಲ್ಟುಗಳಲ್ಲಿ ಎಡತುದಿಯ ಎರಡು ಕಿತ್ತುಬಂದವು. ಆ ಕಾಲದ ಬೆಲ್ಟು ಈಗ ಎಲ್ಲೂ ಸಿಗುವುದಿಲ್ಲವೆಂದು ಬಿಡಿಭಾಗದ ಅಂಗಡಿಯವನು ಕೈಯಲ್ಲಾಡಿಸಿಬಿಟ್ಟ. ತಮ್ಮ ಆ ಎರಡು ಬೆಲ್ಟನ್ನು ಸುತ್ತಿ ಹೆಗಲ ಮೇಲೆ ಹೊತ್ತು ನೇರವಾಗಿ ಅಕ್ಕನ ಅಂಗಡಿಗೆ ಬಂದ.

"ಅಕ್ಕಾ, ಇದನ್ನ ಹೊಲಿದು ಕೊಡು."

"ಇದೇನೋ ಇದು, ಆನೆಗೆ ಸೊಂಟಪಟ್ಟಿನಾ?"

"ತಮಾಷೆ ಆಮೇಲೆ. ನಾಡಿದ್ದು ಮಳೆ ಅಂತಿದ್ದಾರೆ."

ಆಗೋದಿಲ್ಲ ಎನ್ನಬೇಕಿತ್ತು. ಆದರೆ ಟೈಲರಕ್ಕನ ನಾಲಿಗೆಗೆ ಆ ಮಾತು ಹುಟ್ಟಿದಾಗಿನಿಂದ ಒಗ್ಗಿರಲಿಲ್ಲ. ಬೆಲ್ಟಿನ ತುದಿಯನ್ನು ಹೊಲಿಗೆ ಮೆಷಿನ್ನಿಗೆ ತೂರಿಸಿ ಪೆಡಲ್ ತುಳಿದಳು. ಮೂರು ಸೂಜಿ ಮುರಿದವು. ನಾಲ್ಕನೆಯದು ಮುರಿಯಲಿಲ್ಲ, ಮೆಷಿನ್ನೇ ನಿಂತುಹೋಯಿತು. ಪಕ್ಕದ ಔಷಧಿ ಅಂಗಡಿಯವನು ಬಂದು ಇಣುಕಿ, ಮರುಕದಿಂದ ತಲೆಯಾಡಿಸಿ ಹೋದ. ಅವನು ನಕ್ಕಿದ್ದರೆ ಅವಳಿಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಬೀದಿಯ ಕೊನೆಗೆ ಒಬ್ಬ ಹಳೇ ಮೆಕ್ಯಾನಿಕ್ ಇದ್ದ. ಮಂಡಿನೋವು ಅಂತ ಕೆಲಸ ಬಿಟ್ಟಿದ್ದ, ಬುದ್ಧಿ ಹೇಳುವುದನ್ನು ಬಿಟ್ಟಿರಲಿಲ್ಲ. ಬೆಲ್ಟು ನೋಡಿ, "ತಾಯೀ, ಇದಕ್ಕೆ ದಾರ ಹಾಕ್ತಾರಾ? ಎರಡು ತುದಿಗೂ ತಂತಿ ಕೊಕ್ಕೆ ಹೊಡೀಬೇಕು, ಕೊಕ್ಕೆ ಮಧ್ಯೆ ಒಂದು ಸರಳು ತೂರಿಸಬೇಕು," ಅಂದ.

"ಬಾಗಿಲ ಕೀಲಿನ ಹಾಗಾ?"

"ಹಾಗೇ. ತುದಿ ಮಾತ್ರ ನೆಟ್ಟಗೆ ಕತ್ತರಿಸು. ಸೊಟ್ಟ ಆದ್ರೆ ಬೆಲ್ಟು ಒಂದು ಕಡೆಗೆ ಓಡುತ್ತೆ."

ನೆಟ್ಟಗೆ ಕತ್ತರಿಸುವುದು ಅವಳಿಗೆ ಗೊತ್ತಿತ್ತು. ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಮೂಲೆಮಟ್ಟ ಇಟ್ಟು ನೋಡಿದಳು, ಹರಿದು ಜೂಲಾದ ಭಾಗವನ್ನೆಲ್ಲ ಕತ್ತರಿಸಿ ಎಸೆದಳು. ಕೊಕ್ಕೆಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದಳು. ತಮ್ಮನ ಹಿಂದೆ ಸ್ಕೂಟರಿನಲ್ಲಿ ಕೂತು ಹೊಲಕ್ಕೆ ಹೊರಟಾಗ ಅವಳಿಗೆ ತಾನು ಏನೋ ದೊಡ್ಡ ಇಂಜಿನಿಯರ್ ಅನ್ನಿಸಿಬಿಟ್ಟಿತ್ತು.

ಬೆಲ್ಟು ಏರಿಸಲು ಮೆಷಿನಿನ ಹೊಟ್ಟೆಯೊಳಗೆ ನುಗ್ಗಬೇಕು. ತಮ್ಮ ಟ್ರ್ಯಾಕ್ಟರಿನಿಂದ ಹಿಂಬಾಗಿಲನ್ನು ಮೇಲಕ್ಕೆತ್ತಿದ. ಅವಳು ಸೆರಗು ಸಿಕ್ಕಿಸಿ ಬಗ್ಗಿದ್ದಳಷ್ಟೇ, ತಮ್ಮನ ಹೆಂಡತಿ ಕೊಟ್ಟಿಗೆಯಿಂದ ಕೂಗುತ್ತಾ ಓಡಿಬಂದಳು.

"ಅಕ್ಕಾ, ನಿಲ್ಲಿ! ಬಾಗಿಲಿಗೆ ಆಸರೆ ಹಾಕಿಲ್ಲ. ಎಣ್ಣೆ ಪೈಪು ಒಡೆದ್ರೆ ಆ ಬಾಗಿಲು ನಿಮ್ಮ ಸೊಂಟದ ಮೇಲೇ ಬೀಳೋದು." ಹಾಗೆನ್ನುತ್ತಲೇ ಟ್ರ್ಯಾಕ್ಟರ್ ಆಫ್ ಮಾಡಿಸಿ, ಕಬ್ಬಿಣದ ತಡೆಯನ್ನು ತಾನೇ ಕೂರಿಸಿ, ಗಂಡನ ಕಡೆ ತಿರುಗಿ, "ಇರೋದು ಒಬ್ಬರೇ ಅಕ್ಕ ನಿಮಗೆ," ಅಂದಳು.

ತಮ್ಮ ಬಂದು ಆ ತಡೆಯನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡಿದ. ಟೈಲರಕ್ಕನಿಗೂ ಆ ಹೊತ್ತು ತಮಾಷೆ ಹೊಳೆಯಲಿಲ್ಲ. ಅಂದಿನಿಂದ ಆ ತಡೆಯನ್ನು ಕೈಯಿಂದ ಮುಟ್ಟಿ ನೋಡದೆ ಅವಳು ಒಳಗೆ ಕಾಲಿಟ್ಟವಳಲ್ಲ.

ಬೆಲ್ಟು ಏರಿತು, ಮೆಷಿನು ಓಡಿತು. ಹುಲ್ಲು ಒಳಗೆ ಸರಸರ ಹೋಗತೊಡಗಿತು. ಟೈಲರಕ್ಕ ಸೊಂಟದ ಮೇಲೆ ಕೈಯಿಟ್ಟು ಬದುವಿನ ಮೇಲೆ ನಿಂತಿದ್ದಳು. ಹಿಂಬಾಗಿಲು ತೆರೆದು ಮೊದಲ ಸುರುಳಿ ಹೊರಗೆ ಬಿತ್ತು.

ಅದು ಬಲಗಡೆ ಡ್ರಮ್ಮಿನಷ್ಟು ದಪ್ಪ, ಎಡಗಡೆ ಬಕೆಟ್ಟಿನಷ್ಟು ಸಣ್ಣ. ಹೊಲ ಸ್ವಲ್ಪ ಇಳಿಜಾರಿತ್ತು. ಸುರುಳಿ ಮೆಲ್ಲಗೆ ಉರುಳತೊಡಗಿತು. ನೆಟ್ಟಗೆ ಉರುಳಿದ್ದರೆ ಬೇಲಿಗೆ ಬಡಿದು ನಿಲ್ಲುತ್ತಿತ್ತು. ಒಂದು ತುದಿ ಸಣ್ಣದಾದ್ದರಿಂದ ಅದು ಬಿಲ್ಲಿನಂತೆ ಬಾಗಿ ತಿರುಗಿ, ತೆರೆದ ಗೇಟಿನೊಳಗೆ ನುಗ್ಗಿ, ಹಸುಗಳ ನೀರಿನ ತೊಟ್ಟಿಯೊಳಗೆ ಧುಡುಮ್ಮನೆ ಕೂತಿತು. ಕೊಟ್ಟಿಗೆಯ ಹಸುಗಳು ಒಟ್ಟಿಗೇ ತಲೆಯೆತ್ತಿ ನೋಡಿದವು.

"ನೆಲ ಡೊಂಕು ಕಣೋ," ಅಂದಳು ಟೈಲರಕ್ಕ.

"ಹೌದಕ್ಕಾ. ಕುಣಿಯೋಕೆ ಬರೋಲ್ಲ ಅಂತ ಹೇಳಬೇಡ," ಅಂದ ತಮ್ಮ.

ಮೊದಲು ನಕ್ಕವಳು ತಮ್ಮನ ಹೆಂಡತಿ. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ನೆನೆದ ಹುಲ್ಲನ್ನು ಕವಲುಗೋಲಿನಿಂದ ತೊಟ್ಟಿಯಿಂದ ಎಳೆಯಲು ಒಂದು ಗಂಟೆ ಹಿಡಿಯಿತು. ಆಗ ಯಾರೂ ನಗಲಿಲ್ಲ.

ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪು ಅವಳಿಗೆ ನೆನಪಾದದ್ದು ಆಮೇಲೆ. ಹೊಲಕ್ಕೂ ಅದನ್ನು ಮಾಲೆಯ ಹಾಗೆ ಹಾಕಿಕೊಂಡೇ ಬಂದಿದ್ದಳು, ಒಂದೇ ಒಂದು ಸಲ ಬಿಚ್ಚಿರಲಿಲ್ಲ. ಈಗ ಆರು ಬೆಲ್ಟನ್ನೂ ಅಳೆದಳು. ನಾಲ್ಕು ಸಮ. ಅವಳು ಕೈಯಾಡಿಸಿದ ಎರಡು ಮಾತ್ರ ನಾಲ್ಕು ಬೆರಳು ಗಿಡ್ಡ. ಜೂಲು ಕತ್ತರಿಸಿ ಎಸೆದಳಲ್ಲ, ಎಸೆದದ್ದಕ್ಕೆ ಲೆಕ್ಕ ಇಟ್ಟಿರಲಿಲ್ಲ.

"ಮೂವತ್ತೊಂದು ವರ್ಷ ಮಕ್ಕಳ ಪ್ಯಾಂಟು ಕೆಡಿಸಿದ್ದು ಸಾಲದು ಅಂತ ಈಗ ಮೆಷಿನ್ನಿಗೂ ಪ್ಯಾಂಟು ಹೊಲಿದೆ," ಎಂದು ತಲೆ ಚಚ್ಚಿಕೊಂಡಳು.

"ಈಗೇನು ಮಾಡೋದು? ತುಂಡು ಸೇರಿಸ್ತೀಯಾ?"

ಅವಳು ಒಂದು ಗಳಿಗೆ ಯೋಚಿಸಿದಳು. ಒಂದು ಕಾಲು ಗಿಡ್ಡವಾದಾಗ ಅವಳ ಅಂಗಡಿಯಲ್ಲಿ ಮಾಡುತ್ತಿದ್ದದ್ದು ಒಂದೇ. "ಬೇಡ. ಇನ್ನು ನಾಲ್ಕನ್ನೂ ಇದರಷ್ಟೇ ಗಿಡ್ಡ ಮಾಡ್ತೀನಿ."

ತಮ್ಮ ಹಳೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕೇಳಿದ. ಆತ, "ಸರಿಯಾಗೇ ಹೇಳಿದ್ದಾಳೆ. ಯಾರು ಹೇಳಿಕೊಟ್ರು?" ಅಂದನಂತೆ. ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ತಪ್ಪುಗಳೇ ಹೇಳಿಕೊಟ್ಟಿದ್ದವು. ಅದನ್ನು ಅವಳು ಫೋನಿನಲ್ಲಿ ಹೇಳಿಸಲಿಲ್ಲ, ಇರೋ ಮರ್ಯಾದೆ ಯಾಕೆ ಕಳೆದುಕೊಳ್ಳೋದು ಅಂತ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಸುರುಳಿಗಳು ದುಂಡಗೆ ಬೀಳತೊಡಗಿದವು. ಮೊದಲಿನಷ್ಟು ದಪ್ಪ ಇಲ್ಲ, ಆದರೆ ಬಿದ್ದಲ್ಲೇ ಕೂರುತ್ತಿದ್ದವು. ಹತ್ತು ಸುರುಳಿಗೊಮ್ಮೆ ಮೆಷಿನು ನಿಲ್ಲಿಸಿ, ಜ್ವರ ನೋಡುವಂತೆ ಅಂಗೈಯ ಹಿಂಬದಿಯಿಂದ ಒಂದೊಂದು ಬೇರಿಂಗನ್ನೂ ಮುಟ್ಟಿ ನೋಡಬೇಕೆಂದು ಮೆಕ್ಯಾನಿಕ್ ಹೇಳಿಕೊಟ್ಟ. ರೋಲರಿಗೆ ಸುತ್ತಿಕೊಂಡ ಹುಲ್ಲನ್ನು ಕುಯ್ದು ತೆಗೆಯುವುದು, ಚೈನಿಗೆ ಎಣ್ಣೆ, ಕೀಲುಗಳಿಗೆ ಗ್ರೀಸು, ಹುರಿ ಕತ್ತರಿಸುವ ಬ್ಲೇಡಿಗೆ ಸಾಣೆ, ಎಲ್ಲವೂ ನಿಧಾನವಾಗಿ ಅವಳ ಪಾಲಿಗೇ ಬಂದವು. ಆ ವರ್ಷವಂತೂ ಕೊನೆಯ ಸುರುಳಿ ಕೊಟ್ಟಿಗೆ ಸೇರಿದ ಅರ್ಧ ಗಂಟೆಗೆ ಮಳೆ ಬಂತು.

ಇದೆಲ್ಲ ಆಗಿ ಏಳು ವರ್ಷ. ಬೇಲರ್ ಇನ್ನೂ ಓಡುತ್ತಿದೆ. ಟೈಲರಕ್ಕ ಬೆಳಿಗ್ಗೆ ಅಂಗಡಿಯಲ್ಲಿ, ಹುಲ್ಲಿನ ಕಾಲದಲ್ಲಿ ಮಧ್ಯಾಹ್ನ ಹೊಲದಲ್ಲಿ. ಆಸ್ಪತ್ರೆಯ ಡಾಕ್ಟರೊಬ್ಬರು ತಮ್ಮ ಬಿಳಿ ಕೋಟಿನ ಜೇಬಿನ ಮೇಲೆ ಐದು ಬೆರಳಿನ ಕಪ್ಪು ಗುರುತು ತೋರಿಸಿದಾಗ, "ಸಹಿ ಹಾಕಿದ್ದೀನಿ ಸಾರ್," ಎಂದು ತೊಳೆದುಕೊಟ್ಟಳು.

ಮೊನ್ನೆ ಬೇರಿಂಗು ಒಂದು ಕೂಗತೊಡಗಿತು. ಅದರ ಮೇಲಿನ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಬಿಡಿಭಾಗದ ಅಂಗಡಿಗೆ ಹೋದಳು. ಕೌಂಟರಿನಲ್ಲಿ ಹೊಸಬ.

"ಮೆಕ್ಯಾನಿಕ್ ಬರಲಿಲ್ವಾ ಅಮ್ಮಾ?"

"ಬಂದಿದ್ದಾಳಲ್ಲಪ್ಪಾ," ಅಂದಳು, ಬೆನ್ನು ನೆಟ್ಟಗೆ ಮಾಡಿ.

ಆ ಮಾತಿನ ಸುಖ ದಾರಿಯುದ್ದಕ್ಕೂ ಇತ್ತು. ಹೊಲಕ್ಕೆ ಬಂದು ನೋಡಿದರೆ ಬೇರಿಂಗು ಸರಳಿಗೆ ಏರಲೇ ಒಲ್ಲದು, ದಪ್ಪ ಬೆರಳಿಗೆ ಮಗುವಿನ ಉಂಗುರ ತೂರಿಸಿದ ಹಾಗೆ. ಕನ್ನಡಕ ಹಾಕಿಕೊಳ್ಳದೆ ಎಂಟನ್ನು ಆರು ಎಂದು ಬರೆದುಕೊಂಡಿದ್ದಳು. ಅಂಗಡಿ ಮುಚ್ಚುವ ಹೊತ್ತಿಗೆ ಮತ್ತೆ ಆ ಹೊಸಬನ ಮುಂದೆ ನಿಂತಳು.

"ಏನಾಯ್ತಮ್ಮಾ?"

"ಮೆಕ್ಯಾನಿಕ್ಕಿಗೆ ಕಣ್ಣು ಸರಿಯಿಲ್ಲಪ್ಪಾ," ಅಂದಳು ಟೈಲರಕ್ಕ. "ನನಗೂ ಅವಳಿಗೆ ಹೇಳಿ ಹೇಳಿ ಸಾಕಾಗಿದೆ."