ಹೊಸ್ತಿಲಾಚೆಯ ಫಿಲೋಮಿನಾಬಾಯಿ

ಶಿಕಾರಿಪುರದಲ್ಲಿ ಬಟ್ಟೆ ಹೊಲಿಯುತ್ತಿದ್ದ ಫಿಲೋಮಿನಾಬಾಯಿಗೆ ಸದಾ ನೆರೆಯವರ ಹಸಿವಿನದೇ ದಿಗಿಲು. ಜಪಸರ ಹಿಡಿದು ಕೂತವರು ನಡುವೆಯೇ ಎದ್ದು, "ಪಕ್ಕದ ಮನೆ ಒಲೆ ಉರಿದಿಲ್ಲ, ಏಸುಸ್ವಾಮಿ ನನ್ನ ಜಪ ಕೇಳ್ತಾನೇನ್ರಿ?" ಎಂದು ಅಕ್ಕಿ, ಸೌದೆ ಹೊತ್ತು ಹೊರಡುವರು. ಸೊರಬದ ಬಸ್ಸಿಳಿದವರನ್ನೂ ಉಂಡಿರಾ ಎಂದು ಕೇಳಿದರೆ, "ಡ್ರೈವರನ್ನೂ ಕೇಳ್ಬಿಡ್ರಿ" ಎಂದು ಜನ ನಗುವರು. ಏಕೀಕರಣದ ಮರುವರ್ಷ ಊರಿಗೆಲ್ಲ ಜ್ವರ ಬಂದಾಗ, ಒಂಟಿ ಮುದುಕಿ ತಿಮ್ಮಮ್ಮ ಕಿರಿಸ್ತಾನರ ಕೈಯಡುಗೆ ಒಲ್ಲೆನೆಂದು ಉಪವಾಸ ಮಲಗಿದಳು. ಬಾಯಿಯವರು ಗೆಳತಿ ವಾಗ್ದೇವಿಯನ್ನು ಒಳಗೆ ಕಳಿಸಿ ಗಂಜಿ ಮಾಡಿಸಿ, ತಾವು ಹೊಸ್ತಿಲಾಚೆಯ ಜಗಲಿಯಲ್ಲಿ ಕೂತು, "ಉಣ್ರೀ ಅಜ್ಜಿ, ನೀವು ಹೋದ್ರೆ ನನ್ನನ್ನ ಬೈಯೋರ್ಯಾರು?" ಎನ್ನುವರು. ಮುದುಕಿ ಬೈಯುತ್ತಲೇ ಉಣ್ಣುವಳು. ಅದೇ ಜ್ವರ ಬಾಯಿಯವರನ್ನು ಕೊಂಡೊಯ್ದ ಮರುದಿನ ವಾಗ್ದೇವಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಯಾರೂ ಕಳಿಸದಿದ್ದರೂ ಹೋಗಿ ಗಂಜಿ ಕಾಸಿದಳು. ತಿಮ್ಮಮ್ಮ ತಟ್ಟೆ ಮುಟ್ಟದೆ ಹೊರಗೇ ನೋಡುತ್ತಿದ್ದಳು. ಇವಳೂ ಹೋಗಿಬಿಟ್ಟರೆ ಎಂದು ಹೆದರಿ ವಾಗ್ದೇವಿ ತಟ್ಟೆಯನ್ನು ಹತ್ತಿರ ಸರಿಸಿದಳು. "ಒಂದು ಗುಟುಕಾದರೂ ಕುಡೀರಿ ಅಜ್ಜಿ" ಎಂದಳು. ಮುದುಕಿ ಹೇಳಿದಳು: "ಆ ಬಾಗ್ಲು ಮುಚ್ಚವ್ವ. ಬರೀ ಜಗಲಿ ನೋಡ್ಕೊಂತ ಉಣ್ಣಾಕ ಆಗಂಗಿಲ್ಲ."