ರೀಡು ತೆಗೆದ ಕ್ಲಾರಿನೆಟ್

ಬ್ಯಾಂಡಿನವರನ್ನು ಯಾರೂ ಮುಖ ನೋಡಿ ಗುರುತಿಟ್ಟುಕೊಳ್ಳುವುದಿಲ್ಲ. ಕೆಂಪು ಕೋಟು, ಹಿತ್ತಾಳೆ ಗುಂಡಿ, ತಲೆಗೊಂದು ಟೋಪಿ ಕಂಡರೆ ಸಾಕು, ಮಿಕ್ಕದ್ದೆಲ್ಲ ಸದ್ದು. ಬೆಳಗಿನಿಂದ ಮೆರವಣಿಗೆಯ ಮುಂದೆ ಊದಿ ಊದಿ ಸಾಕಾಗಿ, ಕೋಟು ಕಳಚಿ ಊಟದ ಪಂಕ್ತಿಯ ಕೊನೆಯಲ್ಲಿ ಕೂತರೆ, ಬಡಿಸುವವರು "ನೀವು ಯಾರ ಕಡೆಯವರು?" ಎಂದು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲ "ಬೆಳಗಿಂದ ನಿಮ್ ಕಿವಿ ಹತ್ರಾನೇ ಇದ್ವಲ್ಲ ಸ್ವಾಮಿ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಅಣ್ಣ ನನ್ನ ತೊಡೆ ಚಿವುಟಿದ. ಅನ್ನ ಹಾಕುವವರ ಹತ್ತಿರ ಬಾಯಿ ಮಾಡಬಾರದು ಎಂಬುದು ಅವನ ಕಾನೂನು.

ಅಣ್ಣ ಎಂದರೆ ನನ್ನ ಒಡಹುಟ್ಟಿದ ಅಣ್ಣ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನೂ ಅವನೇ, ಕೈಗೆ ಕ್ಲಾರಿನೆಟ್ ಕೊಟ್ಟವನೂ ಅವನೇ. ಐವತ್ತರ ದಶಕದ ಮೊದಲ ವರ್ಷಗಳು ಅವು. ರಾಜಾಜಿನಗರ ಆಗಿನ್ನೂ ಹೆಸರಿಗೆ ಮಾತ್ರ ನಗರ. ಕಲ್ಲು ನೆಟ್ಟು ರಸ್ತೆ ಎಂದು ಗುರುತು ಮಾಡಿದ್ದರು, ಅದರ ಮೇಲೆ ದನ ಮೇಯುತ್ತಿದ್ದವು. ಮಾಗಡಿ ರಸ್ತೆಯ ಕಡೆಗೆ ಒಂದು ಶೀಟಿನ ಮನೆಯಲ್ಲಿ ಅಣ್ಣ, ತಾಯಿಯಿಲ್ಲದ ಅವನ ಮಗಳು, ನಾನು, ನನ್ನ ಹೆಂಡತಿ, ಇಷ್ಟು ಜನ ಇದ್ದೆವು. ಅತ್ತಿಗೆ ಹುಡುಗಿ ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದರು. ಇನ್ನೊಂದು ಮದುವೆ ಮಾಡಿಕೋ ಎಂದು ಹೇಳಿದವರಿಗೆಲ್ಲ ಅಣ್ಣ, "ನಾನು ವರ್ಷದಲ್ಲಿ ಅರ್ಧ ಊರೂರು ಸುತ್ತೋನು, ಇನ್ನೊಬ್ಬಳನ್ನ ಯಾಕೆ ಕಾಯಿಸ್ಲಿ?" ಎನ್ನುತ್ತಿದ್ದ.

ಸುತ್ತುವುದು ಎಂದರೆ ಸುಳ್ಳಲ್ಲ. ಮದುವೆಯ ಕಾಲ ಶುರುವಾದರೆ ನಮಗೆ ಮನೆ ಎಂಬುದು ಬಟ್ಟೆ ಒಗೆದುಕೊಳ್ಳುವ ಜಾಗ. ಇವತ್ತು ಮದ್ದೂರು, ನಾಳೆ ಕುಣಿಗಲ್ಲು, ಆಚೆ ನಾಡಿದ್ದು ತುಮಕೂರು. ರೈಲಿನ ಮೂರನೇ ದರ್ಜೆಯಲ್ಲಿ ದೊಡ್ಡ ಡೋಲನ್ನು ಬಾಗಿಲಿಗೆ ಅಡ್ಡ ಇಟ್ಟು, ಅದರ ಮೇಲೆ ಸರದಿ ಪ್ರಕಾರ ತಲೆಯಿಟ್ಟು ಮಲಗುತ್ತಿದ್ದೆವು. ಕೆಂಗೇರಿ ಸ್ಟೇಷನ್ ದಾಟಿತೆಂದರೆ ಅಣ್ಣ ಕಾಲಿನ ಬೂಟು ಬಿಚ್ಚಿ, "ಊರು ಮುಗೀತು, ಇನ್ನು ಯಾರ್ ನೋಡ್ತಾರೆ" ಎಂದು ಕಾಲು ಚಾಚುತ್ತಿದ್ದ. ಛತ್ರದ ಜಗಲಿ, ಸ್ಕೂಲಿನ ಬೆಂಚು, ಒಮ್ಮೆ ಹುಲ್ಲಿನ ಬಣವೆಯ ಬುಡ, ಎಲ್ಲೆಂದರಲ್ಲಿ ನಿದ್ದೆ ಮಾಡಿದ್ದೇವೆ. ಅಲೆಮಾರಿ ಬಾಳು ಎಂದು ಯಾರಾದರೂ ಮರುಗಿದರೆ ನನಗೆ ನಗು ಬರುತ್ತಿತ್ತು. ಅಣ್ಣನ ಪಕ್ಕದಲ್ಲಿ ನಿಂತು ಊದುವಷ್ಟು ಸುಖ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ನಮ್ಮದು ಜೋಡಿ ಕ್ಲಾರಿನೆಟ್. ಅವನು ಉಸಿರು ತೆಗೆದುಕೊಳ್ಳುವಾಗ ನಾನು ಎಳೆಯಬೇಕು, ನಾನು ತೆಗೆದುಕೊಳ್ಳುವಾಗ ಅವನು. ಕೇಳುವವರಿಗೆ ಒಂದೇ ಎಳೆ. ಯಾವಾಗ ಯಾರು ಬಿಡಬೇಕು ಎಂದು ನಾವು ಒಂದು ದಿನವೂ ಮಾತಾಡಿಕೊಂಡವರಲ್ಲ. ಅವನ ಭುಜ ಸ್ವಲ್ಪ ಮೇಲೇರಿದರೆ ನನಗೆ ತಿಳಿಯುತ್ತಿತ್ತು.

ಅದೆಲ್ಲ ಒಂದು ಲಾರಿಯಿಂದ ಹಾಳಾಯಿತು. ಕುಣಿಗಲ್ಲಿನ ಆಚೆ ಒಂದು ಹಳ್ಳಿ. ಗಂಡಿನ ಕಡೆಯವರಿಗೆ ಊರಿನೊಳಕ್ಕೆ ಲಾರಿಯಲ್ಲಿ ಊದಿಕೊಂಡೇ ಹೋಗಬೇಕೆಂಬ ಚಪಲ. ಬೇಡ ಎಂದರೆ ಕೇಳಲಿಲ್ಲ. ನಿಂತುಕೊಂಡು ಊದುತ್ತಿದ್ದೆವು. ಚಕ್ರ ಒಂದು ಹಳ್ಳಕ್ಕೆ ಇಳಿದು ಎದ್ದಿತು. ಕ್ಲಾರಿನೆಟ್ ಬಾಯಲ್ಲಿದ್ದಾಗ ಕುಲುಕಿದರೆ ಏನಾಗುತ್ತದೆಂದು ಊದುವವರಿಗೆ ಗೊತ್ತು. ಅಣ್ಣನ ಮೇಲಿನ ಮುಂದಿನ ಹಲ್ಲು ಎರಡೂ ಹೋದವು. ಅವನು ಕರ್ಚೀಫು ಒತ್ತಿ ಹಿಡಿದು, ನೀನು ನಿಲ್ಲಿಸಬೇಡ ಎಂದು ನನಗೆ ಕೈಸನ್ನೆ ಮಾಡಿದ. ಅಂದು ಪೂರ್ತಿ ನಾನೊಬ್ಬನೇ ಊದಿದೆ.

ಚಿಕ್ಕಪೇಟೆಯಲ್ಲಿ ಹಲ್ಲು ಕಟ್ಟಿಸಿಕೊಂಡ. ನೋಡುವುದಕ್ಕೆ ಮೊದಲಿಗಿಂತ ಚೆನ್ನಾಗಿಯೇ ಇದ್ದವು, ಮದುಮಗನ ಹಾಗೆ ಕಾಣ್ತೀಯ ಎಂದು ಹಾಸ್ಯ ಮಾಡಿದೆ. ಆದರೆ ಕ್ಲಾರಿನೆಟ್ಟಿನ ಬಾಯನ್ನು ಮೇಲಿಂದ ಹಿಡಿಯುವುದೇ ಆ ಎರಡು ಹಲ್ಲು. ಕಟ್ಟಿಸಿದ ಹಲ್ಲು ಊದಿದ ತಕ್ಷಣ ಜಾರುತ್ತಿತ್ತು, ಗಾಳಿ ಸೋರುತ್ತಿತ್ತು, ಸ್ವರ ಕೀರಲಾಗುತ್ತಿತ್ತು. ತಿಂಗಳುಗಟ್ಟಲೆ ಒದ್ದಾಡಿದ. ಆಗಲಿಲ್ಲ.

ಬ್ಯಾಂಡ್ ಮಾಸ್ಟರು ಕೆಟ್ಟವರಲ್ಲ. ಅವರು ಅಣ್ಣನನ್ನು ಬಿಡಲಿಲ್ಲ, ಲೆಕ್ಕಕ್ಕೆ ನಿಲ್ಲಿಸಿದರು. ಮದುವೆಯವರು ಹನ್ನೆರಡು ಜನರ ಬ್ಯಾಂಡು ಎಂದು ಒಪ್ಪಿದರೆ ಹನ್ನೆರಡು ಕೋಟು ಕಾಣಬೇಕು. ಊದಲು ಬಾರದ ಒಬ್ಬಿಬ್ಬರು ಸುಮ್ಮನೆ ವಾದ್ಯ ಹಿಡಿದು ನಡೆಯುವುದು ಎಲ್ಲ ಬ್ಯಾಂಡಿನಲ್ಲೂ ಇದ್ದದ್ದೇ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಜನ ಹೇಳುತ್ತಾರಲ್ಲ, ನಮ್ಮಲ್ಲಿ ಅದು ತಿರುಗುಮುರುಗು. ಹಾಗೆ ನಿಂತವರು ಮೈಮರೆತು ಊದಿಬಿಟ್ಟು ಮರ್ಯಾದೆ ಕಳೆಯಬಾರದೆಂದು ಮಾಸ್ಟರು ಅವರ ವಾದ್ಯದಿಂದ ರೀಡು ತೆಗೆದು ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ರೀಡು ಎಂದರೆ ಜೊಂಡಿನ ಒಂದು ತೆಳ್ಳನೆಯ ಸೀಳು, ಕ್ಲಾರಿನೆಟ್ಟಿನ ನಾಲಿಗೆ. ಅದಿಲ್ಲದಿದ್ದರೆ ಎಷ್ಟು ಊದಿದರೂ ಬರೀ ಗಾಳಿ. ಅಣ್ಣನ ರೀಡನ್ನು ತೆಗೆಯುವಾಗ ಮಾಸ್ಟರು ಅವನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಅವತ್ತಿನಿಂದ ಅಣ್ಣ ನನ್ನ ಪಕ್ಕದಲ್ಲಿ ಮೊದಲಿನ ಹಾಗೆಯೇ ನಡೆದ. ಬೆರಳು ಒಂದು ಸ್ವರವನ್ನೂ ಬಿಡದೆ ಆಡುತ್ತಿದ್ದವು. ಉಸಿರು ತೆಗೆಯುವ ಜಾಗದಲ್ಲಿ ಭುಜ ಏರುತ್ತಿತ್ತು. ಅಭ್ಯಾಸ ಬಲದಿಂದ ನಾನು ಅಲ್ಲಿ ಎಳೆಯುತ್ತಿದ್ದೆ. ನನ್ನ ಸರದಿಯಲ್ಲಿ ಮಾತ್ರ ಎಳೆ ತುಂಡಾಗುತ್ತಿತ್ತು. ಎಷ್ಟೋ ಸಲ ಊದುತ್ತಾ ಊದುತ್ತಾ ನನಗೆ ಕಣ್ಣಲ್ಲಿ ನೀರು ಬಂದಿದೆ. ಬಿಸಿಲಿಗೆ ಬೆವರು ಎಂದುಕೊಂಡಿರಬೇಕು ನೋಡಿದವರು.

ಮಗಳಿಗೆ ಇದು ತಿಳಿಯಕೂಡದು ಎಂದು ಅಣ್ಣ ನನ್ನಿಂದಲೂ ನನ್ನ ಹೆಂಡತಿಯಿಂದಲೂ ಮಾತು ತೆಗೆದುಕೊಂಡ. ಮನೆಯಲ್ಲಿ ಊದುವುದನ್ನು ನಿಲ್ಲಿಸಿದ್ದಕ್ಕೆ, ಹೊಸ ಹಲ್ಲು ಇನ್ನೂ ನೋಯುತ್ತದೆ, ಮದುವೆಮನೆಯಲ್ಲಿ ಊದಿದ್ದೇ ಸಾಕಾಗಿದೆ ಎನ್ನುತ್ತಿದ್ದ. ಹುಡುಗಿ ನಂಬಿದಳು. ನಂಬಿದಳೆಂದು ನಾವು ಅಂದುಕೊಂಡೆವು.

ಆ ವರ್ಷವೇ ಅವಳಿಗೆ ಮಾಗಡಿ ಕಡೆಯ ಒಂದು ಹಳ್ಳಿಯಿಂದ ಗಂಡು ಒಪ್ಪಿತು. ಒಕ್ಕಲುತನದ ಮನೆ, ಒಳ್ಳೆಯ ಜನ. ಮದುವೆ ಗಂಡಿನ ಮನೆಯಲ್ಲಿ, ಅದು ಅವರ ಪದ್ಧತಿ. ಹೆಂಡತಿ ಇಲ್ಲದವನು ಧಾರೆ ಎರೆಯುವ ಹಾಗಿಲ್ಲ, ಅದು ಎಲ್ಲರ ಪದ್ಧತಿ. ಚಿಕ್ಕಪ್ಪ ಚಿಕ್ಕಮ್ಮ ಎರೆಯಲಿ ಎಂದು ಹಿರಿಯರು ತೀರ್ಮಾನ ಮಾಡಿದರು. ಸಂಜೆ ಮನೆಯ ಮುಂದೆ ಕೂತಾಗ ಅಣ್ಣ ಹೇಳಿದ, "ಧಾರೆ ನೀನು ಎರಿ. ಆದ್ರೆ ಅವಳನ್ನ ಆ ಊರೊಳಕ್ಕೆ ಊದ್ಕೊಂಡು ಕರ್ಕೊಂಡು ಹೋಗೋದು ನಾನು. ಅದೊಂದನ್ನ ನಂಗೆ ಬಿಟ್ಬಿಡು ಕಣೋ."

"ಆಗ್ಲಿ ಅಣ್ಣ" ಎಂದೆ.

ಊದಬೇಕೆಂದಿದ್ದದ್ದು ಮೋಹನ ರಾಗದ ಒಂದು ಮಟ್ಟು. ಅವನೇ ಕಟ್ಟಿದ್ದು. ಮಗಳು ಕೂಸಾಗಿದ್ದಾಗ ಅವಳನ್ನು ಎಬ್ಬಿಸಲು ಊದುತ್ತಿದ್ದದ್ದು. ಮಾಸ್ಟರ ಹತ್ತಿರ ರೀಡು ಕೇಳಿ ಇಸಿದುಕೊಂಡ. ಲಗ್ಗೆರೆಯ ಕಡೆ ಹೊಲಗಳಿದ್ದವು. ದಿನಾ ಬೆಳಗ್ಗೆ ವಾಕಿಂಗು ಎಂದು ಹೇಳಿ ಅಲ್ಲಿಗೆ ಹೋಗುತ್ತಿದ್ದ. ಒಮ್ಮೆ ಹಿಂದೆಯೇ ಹೋಗಿ ಕೇಳಿದೆ. ಕಟ್ಟಿಸಿದ ಹಲ್ಲು ತೆಗೆದು ಬದುವಿನ ಮೇಲೆ ಇಟ್ಟು, ಬರೀ ವಸಡಿನಲ್ಲಿ ಒತ್ತಿ ಹಿಡಿದು ಊದುತ್ತಿದ್ದ. ಒಂದು ಸಾಲು ಬರುತ್ತಿತ್ತು. ಎರಡನೆಯ ಸಾಲಿಗೆ ಸ್ವರ ಒಡೆಯುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಅವನಿಗೆ ಕಾಣದ ಹಾಗೆ ವಾಪಸು ಬಂದೆ.

ಮದುವೆಗೆ ಬ್ಯಾಂಡಿನವರೆಲ್ಲ ನಮ್ಮ ಮನೆಯ ಜನವೆಂದೇ ಹೊರಟರು. ನಮ್ಮವರ ಮನೆ ಮದುವೆಗೆ ಬ್ಯಾಂಡಿನವರು ಹಾಗೆಯೇ ಬರುವುದು, ಅದಕ್ಕೆ ಕರಾರು ಕೂಲಿ ಏನಿಲ್ಲ. ಎಷ್ಟೋ ಮನೆಯ ಹೆಣ್ಣುಮಕ್ಕಳ ಮುಂದೆ ಊದಿಕೊಂಡು ಊರೂರು ತಿರುಗಿದವರು ನಾವು, ಅವತ್ತು ಬಸ್ಸಿನಲ್ಲಿ ನಮ್ಮ ಜೊತೆ ಕೂತಿದ್ದವಳು ನಮ್ಮ ಹುಡುಗಿ. ಅವಳ ಕಾಲ ಹತ್ತಿರವೇ ಡೋಲು ಇಟ್ಟಿದ್ದೆವು.

ಊರ ಬಾಗಿಲಲ್ಲಿ ಇಳಿದೆವು. ಇನ್ನೂ ಬಿಸಿಲಿತ್ತು. ಗಂಡಿನ ಕಡೆಯವರು ಕಳಸ ಹಿಡಿದು ಎದುರುಗೊಳ್ಳಲು ಬಂದು ನಿಂತಿದ್ದರು. ನಾವು ಸಾಲಾಗಿ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅಣ್ಣ ಬಸ್ಸಿನ ಹಿಂದಕ್ಕೆ ಹೋಗಿ ಮೆಲ್ಲಗೆ ಒಂದು ಸ್ವರ ಹಿಡಿದು ನೋಡಿದ. ಕೀರಲು. ಇನ್ನೊಂದು ಸಲ. ಅದೂ ಹಾಗೆಯೇ. ಅವನು ಬಂದು ನನ್ನ ಪಕ್ಕದಲ್ಲಿ ನಿಂತಾಗ ವಾದ್ಯದಲ್ಲಿ ರೀಡು ಇರಲಿಲ್ಲ. ತಾನೇ ತೆಗೆದುಬಿಟ್ಟಿದ್ದ. ಅದನ್ನು ನನ್ನ ಕೋಟಿನ ಜೇಬಿಗೆ ಹಾಕಿ, "ನನ್ನ ಮಗಳ ಮುಂದೆ ಅಪಸ್ವರ ಬೇಡ ಕಣೋ. ನೀನೇ ಊದು. ನಾನು ಊದಿದ ಹಾಗೇ ಊದು" ಎಂದ.

ಊದಿದೆ. ದೇವರಾಣೆ, ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಊದಿಲ್ಲ. ಅವನು ತಡೆದು ನಿಲ್ಲುವ ಜಾಗದಲ್ಲಿ ತಡೆದೆ, ಅವನು ಜಾರಿಸುವ ಕಡೆ ಜಾರಿಸಿದೆ. ಪಕ್ಕದಲ್ಲಿ ಅವನ ಬೆರಳು ನನ್ನ ಬೆರಳಿನ ಜೊತೆ ಜೊತೆಗೇ ಆಡುತ್ತಿದ್ದವು. ಊರಿನವರೆಲ್ಲ ಅವನನ್ನೇ ನೋಡುತ್ತಿದ್ದರು, ಹೆಣ್ಣಿನ ತಂದೆಯೇ ಊದುತ್ತಿದ್ದಾನಂತೆ ಎಂದು. ಚಪ್ಪರ ಮುಟ್ಟಿದಾಗ ಬೀಗರು ಅವನ ಕೈ ಹಿಡಿದುಕೊಂಡು, "ಏನ್ ಊದಿದ್ರಿ ಯಜಮಾನ್ರೇ, ಕರುಳು ಚುರುಕ್ ಅಂತು" ಎಂದರು. ಅಣ್ಣ ತಲೆ ತಗ್ಗಿಸಿದ. ಮಾರನೆಯ ಬೆಳಗ್ಗೆ ನಾನೂ ನನ್ನ ಹೆಂಡತಿಯೂ ಕೂತು ಧಾರೆ ಎರೆದೆವು. ಅವನು ಕಂಬಕ್ಕೆ ಒರಗಿ ನಿಂತಿದ್ದ. ಅವನಿಗೆ ಸೇರಬೇಕಾದ್ದು ಎರಡೂ ನನ್ನ ಕೈ ಸೇರಿದ್ದವು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ಪುರೋಹಿತರ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಹೊರಡುವಾಗ ಹುಡುಗಿ ಅವನ ಕಾಲಿಗೆ ನಮಸ್ಕಾರ ಮಾಡಿ, "ಅಪ್ಪಾ, ನೆನ್ನೆ ಎಷ್ಟು ಚೆನ್ನಾಗಿ ಊದಿದೆ" ಎಂದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟುಕೊಂಡೇ ನಿಂತ. ಆಮೇಲೆ ಅವಳು ನನ್ನ ಕಾಲಿಗೆ ಬಗ್ಗಿದಳು. ಎತ್ತಲು ಹೋದಾಗ ನನ್ನ ಕಿವಿಯ ಹತ್ತಿರ, ಬೇರೆ ಯಾರಿಗೂ ಕೇಳಿಸದ ಹಾಗೆ, "ಚಿಕ್ಕಪ್ಪಾ, ನೀವು ಉಸಿರು ತಗೊಂಡ ಕಡೆಯೆಲ್ಲ ಎಳೆ ತುಂಡಾಯ್ತು. ಅಪ್ಪ ಎಷ್ಟು ದಿನದಿಂದ ಊದ್ತಾ ಇಲ್ಲ?" ಎಂದು ಕೇಳಿದಳು. ಅವಳೇ ಕಣ್ಣೊರೆಸಿಕೊಂಡು, "ನಂಗೆ ಗೊತ್ತಾಯ್ತು ಅಂತ ಹೇಳ್ಬೇಡಿ" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣನ ಮುಖ ಅರಳಿತ್ತು. ಬಹಳ ದಿನದ ಮೇಲೆ ಎಲೆ ಅಡಿಕೆ ಹಾಕಿಕೊಂಡ. "ಅವಳಿಗೆ ಗೊತ್ತಾಗ್ಲಿಲ್ಲ ನೋಡು" ಎಂದ. "ಇಲ್ಲ ಅಣ್ಣ" ಎಂದೆ. ಸ್ವಲ್ಪ ದೂರ ಬಂದ ಮೇಲೆ ಮತ್ತೆ, "ಅಲ್ವೇನೋ?" ಎಂದ. "ಎಲ್ಲಿ ಗೊತ್ತಾಗುತ್ತೆ, ಬೀಗರೇ ಮರುಳಾಗಿಹೋದ್ರು" ಎಂದೆ. ಅವನು ನಕ್ಕು ಕಿಟಕಿಯ ಕಡೆ ತಿರುಗಿದ. ಆ ಖುಷಿಯಲ್ಲೇ ಆ ವರ್ಷದ ಮಿಕ್ಕ ಮದುವೆಗಳನ್ನೆಲ್ಲ ನನ್ನ ಜೊತೆ ಸುತ್ತಿದ. ಲೆಕ್ಕಕ್ಕೆ ನಿಲ್ಲುವುದೂ ಅವನಿಗೆ ಭಾರ ಎನಿಸಲಿಲ್ಲ.

ಗೌರಿ ಹಬ್ಬಕ್ಕೆ ಹುಡುಗಿ ತವರಿಗೆ ಬಂದಳು. ಗೌರಿಯನ್ನು ಕೂರಿಸಿದ ಮೇಲೆ ಅಪ್ಪ ಊದಲೇಬೇಕು ಎಂದು ಅವಳು ಹಟ ಹಿಡಿಯುವುದು ಪ್ರತಿ ವರ್ಷ ನಡೆದು ಬಂದದ್ದು. ಅಣ್ಣ ಅದಕ್ಕೆ ತಯಾರಾಗಿಯೇ ಇದ್ದ. ಹಲ್ಲುನೋವು ಎನ್ನಬೇಕು, ಡಾಕ್ಟರು ಬೇಡ ಅಂದಿದ್ದಾರೆ ಎನ್ನಬೇಕು ಎಂದು ನನಗೆ ಮೊದಲೇ ಹೇಳಿಕೊಟ್ಟಿದ್ದ. ಪೂಜೆಯಾಯಿತು. ಆರತಿಯಾಯಿತು. ಅಣ್ಣ ಅವಳ ಬಾಯನ್ನೇ ನೋಡುತ್ತಿದ್ದ. ಅವಳು ಪ್ರಸಾದ ಕೊಟ್ಟು, ಹೋಳಿಗೆಗೆ ಕಣಕ ಕಲಸಬೇಕೆಂದು ಒಳಗೆ ಹೋದಳು. ಇದ್ದಷ್ಟು ದಿನವೂ ಆ ಮಾತು ಎತ್ತಲಿಲ್ಲ. ಕ್ಲಾರಿನೆಟ್ಟಿನ ಪೆಟ್ಟಿಗೆ ಇದ್ದ ಮೂಲೆಯನ್ನು ಗುಡಿಸುವಾಗ ಕೂಡ ಅದರ ಕಡೆ ನೋಡದೆ ಗುಡಿಸಿದಳು. ಅಪ್ಪನಿಗೆ ಮಾತ್ರ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದಳು.

ಅವಳನ್ನು ಮಾಗಡಿ ಬಸ್ಸು ಹತ್ತಿಸಿ ನಾವಿಬ್ಬರೂ ರಸ್ತೆಯ ಬದಿಯಲ್ಲಿ ನಿಂತಿದ್ದೆವು. ಬಸ್ಸು ಹೋದ ಮೇಲೂ ಅಣ್ಣ ಅಲ್ಲಾಡಲಿಲ್ಲ.

"ಕೇಳ್ಲಿಲ್ಲ ಕಣೋ" ಎಂದ.

"ಮದುವೆಯಾದ ಹುಡುಗಿ, ಮರೆತಿರ್ತಾಳೆ ಬಿಡು."

"ನನ್ ಮಗಳು ಮರೆಯೋಳಲ್ಲ. ಎಲ್ಲಿ ಅಪ್ಪನ್ನ ಬಾಯಿಬಿಟ್ಟು ಸುಳ್ಳು ಹೇಳೋ ಹಾಗ್ ಮಾಡ್ತೀನೋ ಅಂತ ಕೇಳ್ಲಿಲ್ಲ." ಅವನು ಬಸ್ಸು ಹೋದ ಕಡೆಗೆ ಕೈ ಮಾಡಿದ. "ಅವತ್ತೇ ಗೊತ್ತಾಗಿದೆ ಅವಳಿಗೆ. ಗೊತ್ತಾಗಿದ್ರೂ ಅಷ್ಟು ಜನರ ಎದುರಿಗೆ, ಚೆನ್ನಾಗಿ ಊದಿದೆ ಅಪ್ಪಾ ಅಂದ್ಳು."

ಇಲ್ಲ ಎನ್ನಲು ಬಾಯಿ ತೆರೆದೆ. ಅವನು ನನ್ನ ಮುಖ ನೋಡಿದ. ನನ್ನಿಂದ ಆಗಲಿಲ್ಲ, ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಅವನು ಅಳಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು, ನಾನು ಸುಮ್ಮನಾಗುವವರೆಗೂ ಪಕ್ಕದಲ್ಲೇ ನಿಂತಿದ್ದ. ಮುಂದಿನ ಮದುವೆಯ ಕಾಲಕ್ಕೆ ಮಾಸ್ಟರು ಕರೆಯಲು ಬಂದಾಗ, ಇನ್ನು ನಾನು ಬರೋದಿಲ್ಲ ಎಂದ. ಮಗಳು ಆಮೇಲೂ ಪ್ರತಿ ಗೌರಿಗೆ ಬಂದಳು. ಅವನು ಸಾಯುವವರೆಗೂ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.